ಇಬ್ಬರಿಗಲ್ಲದ ಆಟ

ಸಿಡಿಲು ಕೇಬಲ್ ಹಿಡಿದು ನೇರ ಮನೆಯೊಳಗೇ ಬರಬಹುದಿತ್ತು. ಇಣಚಿ ಅದನ್ನು ಕಡಿಯಬಹುದಿತ್ತು. ಬಾಗಲಕೋಟೆಯ ಇಂಟರ್ನೆಟ್ ಅಂಗಡಿಯಿಂದ ತಂದ ಸಿ.ಡಿ.ಯಲ್ಲಿ ವೈರಸ್ ಇದ್ದು, ಅದು ಅಪ್ಪನ ಕಂಪ್ಯೂಟರನ್ನು ತಿಂದು, ಗೋಡೆ ದಾಟಿ ಕಾಕಾನ ಕಂಪ್ಯೂಟರನ್ನೂ ತಿಂದು, ಪಾಲಾದ ಎರಡೂ ಮನೆಗೆ ಸರಿಸಮ ನಷ್ಟ ಮಾಡಬಹುದಿತ್ತು. ನಾವು ಕರೆಂಟ್ ಕದಿಯುತ್ತಿದ್ದೇವೆಂದು ಕಾಕಾ ಪೊಲೀಸ್ ಠಾಣೆಗೆ ಹೋಗಬಹುದಿತ್ತು. ಮೀಸೆ ಬಂದ ಗಂಡಸು ಮಧ್ಯಾಹ್ನವೆಲ್ಲ ಕಾರಿನಾಟ ಆಡುತ್ತಾನೆಂಬ ಸುದ್ದಿ ಹುನಗುಂದದವರೆಗೂ ಹೋಗಿ, ನನಗೆ ಯಾರೂ ಹೆಣ್ಣು ಕೊಡದಿರಬಹುದಿತ್ತು. ಇಷ್ಟೆಲ್ಲ ಯೋಚಿಸಿದ ಮೇಲೆಯೇ ನಾನು ಕೇಬಲ್ ಕಟ್ಟಿದ್ದು. ಈಗ ಐವತ್ತರ ಹತ್ತಿರ ಬಂದಿದ್ದೇನೆ. ಇಂದಿಗೂ ಹಾಲು ಕಾಯಲಿಟ್ಟರೆ ಮೊದಲು ಅಗ್ನಿಶಾಮಕದವರೇ ನೆನಪಾಗುತ್ತಾರೆ.

ಇಳಕಲ್ಲಿನ ನಮ್ಮ ಮನೆ ಅಪ್ಪ ಮತ್ತು ಅವರ ತಮ್ಮ, ನನ್ನ ಕಾಕಾನ ನಡುವೆ ಪಾಲಾಗಿ, ಅಂಗಳದಲ್ಲಿ ಗೋಡೆ ಎದ್ದಿತ್ತು. ಮಗ್ಗಗಳು ನಮಗೆ, ಬಣ್ಣದ ಹಂಡೆಗಳು ಅವರಿಗೆ. ಅಪ್ಪ ಗೋಡೆಯಾಚೆ ಕೊಡುವ ಬದಲು, ಹಟಕ್ಕೆ ಬಿದ್ದು ನೂಲನ್ನು ಗುಳೇದಗುಡ್ಡಕ್ಕೆ ಒಯ್ದು ಬಣ್ಣ ಹಾಕಿಸುತ್ತಿದ್ದರು. ಸೀರೆಯ ದಡಿಯ ಚಿತ್ರ ಬರೆಯಲು ಕಾಕಾ ಕಂಪ್ಯೂಟರ್ ತಂದರೆ, ಬರೆಯಲು ಏನೂ ಇಲ್ಲದಿದ್ದರೂ ಅಪ್ಪ ಒಂದು ತಂದರು. ಮಾತು ಬಂದ್, ಮಕ್ಕಳಿಗೂ ಅದೇ ಹುಕುಂ. ನನ್ನೊಂದಿಗೆ ಒಂದೇ ತಾಟಿನಲ್ಲಿ ಉಂಡು ಬೆಳೆದ ಕಾಕಾನ ಮಗಳು, ನನ್ನ ತಂಗಿ, ಗೋಡೆಯ ಆ ಕಡೆ ಉಳಿದಳು.

ಒಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಕದ್ದು ಮಾತಾಡಿದಾಗ, ಇಬ್ಬರೂ ಒಂದೇ ಆಟ ಆಡುತ್ತಿದ್ದೇವೆಂದು ತಿಳಿಯಿತು. ದೊಡ್ಡ ಊರು, ಬೇಕಾದ ಕಾರು, ರಸ್ತೆ ತುಂಬ ಜನ. ಆದರೆ ಆಡುವವರು ಒಬ್ಬರೇ.

"ನೀನೂ ಅದ ಊರಾಗ, ನಾನೂ ಅದ ಊರಾಗ. ಭೆಟ್ಟಿ ಮಾತ್ರ ಇಲ್ಲ. ಥೇಟ್ ನಮ್ಮ ಮನಿ ಆತು ಬಿಡಣ್ಣಾ," ಎಂದಳು.

ಇಬ್ಬರು ಕೂಡಿ ಆಡುವ ಅವಕಾಶವನ್ನು ಆಟ ಮಾಡಿದ ಕಂಪನಿ ಕೊಟ್ಟಿರಲಿಲ್ಲ. ಆದರೆ ಎಲ್ಲೋ ಕೂತ ಕೆಲವು ಅಭಿಮಾನಿಗಳು, ಯಾರನ್ನೂ ಕೇಳದೆ, ಬಿಡಿಕಾಸು ಪಡೆಯದೆ, ಆ ಊರಿಗೆ ಹಲವರು ಒಟ್ಟಿಗೆ ನುಗ್ಗುವಂತೆ ಮೂಲ ಆಟವನ್ನೇ ಬದಲಿಸುವ ಒಂದು ತಂತ್ರಾಂಶ, ಅಂದರೆ ಮಾಡ್, ಬರೆದು ಹಂಚಿದ್ದರು. ಅದನ್ನೇ ನಾನು ಸಿ.ಡಿ.ಯಲ್ಲಿ ತಂದದ್ದು. ಅವಳ ಮಾಳಿಗೆಯ ಕಿಟಕಿಯಿಂದ ಗೋಡೆಯ ಮೇಲೆ ಹಾದು ನಮ್ಮ ಪಡಸಾಲೆಯ ಕಿಟಕಿಗೆ, ಎರಡೂ ಕಂಪ್ಯೂಟರ್ ಜೋಡಿಸುವ ಒಂದು ಬೂದು ಕೇಬಲ್ ಇಳಿಯಿತು. ಅವ್ವ ಅದನ್ನು ಅರಿವೆ ಒಣಹಾಕುವ ಹಗ್ಗವೆಂದುಕೊಂಡಳು. ನಾನು ತಿದ್ದಲಿಲ್ಲ.

ಮೊದಲ ದಿನ ಅವಳು ಆಟದೊಳಗೆ ಬಂದದ್ದೇ ಒಂದು ಅಂಗಡಿಯ ಗೋಡೆಯೊಳಗಿಂದ. ಮಾಡ್ ಇನ್ನೂ ಹಸಿ. ಮನುಷ್ಯರು ಗೋಡೆಯಲ್ಲಿ ತೂರುತ್ತಿದ್ದರು, ಕಾರು ಒಮ್ಮೊಮ್ಮೆ ಗಾಳಿಯಲ್ಲಿ ನಿಲ್ಲುತ್ತಿತ್ತು. ನಾನು ಕೆಂಪು ದೀಪಕ್ಕೆ ಕಾರು ನಿಲ್ಲಿಸಿದರೆ ಅವಳು ಹಿಂದಿನಿಂದ ಗುದ್ದಿ, ಟೈಪ್ ಮಾಡುತ್ತಿದ್ದಳು: "ಹೋಗೋ ಅಣ್ಣಾ, ಇಲ್ಲಿ ಯಾರಪ್ಪಂದೂ ಅಂಜಿಕಿ ಇಲ್ಲ." ನನ್ನ ನಗು ಮಗ್ಗದ ಸದ್ದಿನಲ್ಲಿ ಮುಚ್ಚಿಹೋಗುತ್ತಿತ್ತು.

ಹೀಗೆ ಒಂದು ಬೇಸಿಗೆ ಕಳೆಯಿತು. ಒಂದು ಮಧ್ಯಾಹ್ನ ಅಂಗಳದಿಂದ ಅಪ್ಪನ ಕೂಗು ಕೇಳಿ ಹೊರಗೋಡಿದೆ. ಅವ್ವ ಕೇಬಲ್ಲಿನ ಈ ತುದಿಗೆ ಅಪ್ಪನ ಬಿಳಿ ಧೋತರ ಹಾಕಿದ್ದಳು. ಅದನ್ನು ಹಗ್ಗವೆಂದೇ ನಂಬಿದ ಕಾಕಾನ ಹೆಂಡತಿ, ನಮ್ಮ ಕಾಕು, ಮೇಲಿನ ತುದಿಗೆ ಆಗಷ್ಟೇ ಬಣ್ಣ ಹಾಕಿದ ನೂಲಿನ ಲಡಿ ಹಾಕಿದ್ದಳು. ಕೆಂಪು ನೀರು ಕೇಬಲ್ ಗುಂಟ ಜಾರಿ ಬಂದು ಧೋತರದಲ್ಲಿ ಇಳಿದಿತ್ತು.

"ಯಾರ ಕಟ್ಟಿದ್ದಿದು?"

"ನಿಮ್ಮ ಮಗಾನ ಕಟ್ಯಾನ್ರಿ, ಅರಿವಿ ಒಣಗ್ಲಿ ಅಂತ," ಎಂದಳು ಅವ್ವ.

"ಅರಿವಿಗಲ್ಲವಾ," ಎಂದೆ. "ತಂಗಿ ಕೂಡ ಆಡಾಕ ಕಟ್ಟೇನಿ."

ಅಪ್ಪನ ಮುಖ ಧೋತರದ ಬಣ್ಣಕ್ಕೆ ತಿರುಗಿತು. "ಈಗಿಂದೀಗ ಕೊಯ್ದು ಒಗಿ."

ಕೊಯ್ದರೆ ಅವಳು ಮತ್ತೆ ಗೋಡೆಯಾಚೆ. "ಕೊಯ್ಯಾಂಗಿಲ್ಲಪ್ಪಾ," ಎಂದೆ. "ಕೊಯ್ಯಾಂಗೇ ಇಲ್ಲ."

ಮಾಳಿಗೆಯಿಂದ ತಂಗಿಯ ದನಿ ಬಂತು: "ದೊಡ್ಡಪ್ಪಾ, ನೀವೇ ಕೊಯ್ರಿ. ನಾಳೆ ಇನ್ನೊಂದು ಕಟ್ತೇನಿ. ಅದನ್ನೂ ಕೊಯ್ರಿ, ಮತ್ತೊಂದು ಕಟ್ತೇನಿ." ಗೋಡೆ ಎದ್ದ ಮೇಲೆ ಅದನ್ನು ದಾಟಿ ಬಂದ ಮೊದಲ ಕೂಗು ಅದು. ಕಾಕಾ ಬಂದು ಅವಳ ಹಿಂದೆ ಕೈಕಟ್ಟಿ ನಿಂತರು. ಅವಳನ್ನು ಗದರಲಿಲ್ಲ.

ಅಪ್ಪ ಮೇಲೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಮಾಳಿಗೆಗೆ ಕೇಳುವಷ್ಟು ಜೋರಾಗಿ ಹೇಳಿದರು: "ಬುದ್ಧಿ ಐತೇನಲೇ ನಿನಗ? ಈ ತುದಿ ತಗ್ಗಿಗೆ ಕಟ್ಟೀದಿ, ಅದಕ್ಕ ಅವರ ಬಣ್ಣೆಲ್ಲಾ ನಮ್ಮ ಕಡೆ ಬರಾಕತ್ತೈತಿ. ಎತ್ತರಕ್ಕ ಕಟ್ಟು. ಇಳೀಲಿ ಅವರ ಕಡಿಗೆ!"

ನಾನು ಏಣಿ ತಂದೆ.

ಹೆದರಿದ್ದರಲ್ಲಿ ಒಂದೂ ಆಗಲಿಲ್ಲ. ಧೋತರದ ಕೆಂಪು ಮಾತ್ರ, ಅವ್ವ ಎಷ್ಟು ತಿಕ್ಕಿದರೂ ಹೋಗಲಿಲ್ಲ.