ಸ್ಪೀಡು ಇಳಿಸುವ ಮುರುಗೇಶಪ್ಪ

ಭದ್ರಾವತಿಯ ಕಾರ್ಖಾನೆಯೊಂದರ ಕಂಪ್ಯೂಟರ್ ವಿಭಾಗದಿಂದ ನಿವೃತ್ತರಾಗಿ ಹದಿನೈದು ವರ್ಷ ಕಳೆದರೂ ಮುರುಗೇಶಪ್ಪನವರ ಕಿವಿ ಮಾತ್ರ ಇನ್ನೂ ಡ್ಯೂಟಿಯಲ್ಲಿದೆ. ಅವರು ಕೆಲಸದಲ್ಲಿದ್ದಾಗ ಅಲ್ಲಿನ ಯುನಿಕ್ಸ್ ಕಂಪ್ಯೂಟರ್ ಮೋಡೆಮ್ ಎಂಬ ಡಬ್ಬಿಯ ಮೂಲಕ, ಫೋನಿನ ತಂತಿಯಲ್ಲೇ ಶಿವಮೊಗ್ಗದ ಆಫೀಸಿಗೆ ವರದಿ ಕಳಿಸಬೇಕಿತ್ತು. ಸಂಪರ್ಕ ಸಿಗದಿದ್ದರೆ ಉಳಿದವರು ಪರದೆ ನೋಡುತ್ತಿದ್ದರು, ಇವರು ಕಣ್ಣು ಮುಚ್ಚಿ ಮೋಡೆಮ್ಮಿನ ಕಿರುಚಾಟ ಕೇಳುತ್ತಿದ್ದರು. “ಆ ಕಡೆಯ ಮೋಡೆಮ್ಮು ಎತ್ಕೊಂಡಿದೆ ಮಾರಾಯ, ನಮ್ಮದು ಬಡಬಡ ಅಂತಿದೆ, ಅದಕ್ಕೆ ಅರ್ಥ ಆಗ್ತಿಲ್ಲ. ಸ್ಪೀಡು ಇಳಿಸು” ಎನ್ನುತ್ತಿದ್ದರು, ಇಳಿಸಿದರೆ ಲೈನು ಕೂಡುತ್ತಿತ್ತು. ಈಗಲೂ ಬೀದಿಯಲ್ಲಿ ಯಾರ ಮಿಕ್ಸಿ ಕೆಟ್ಟರೂ, ಯಾರ ಸ್ಕೂಟರ್ ಮುನಿಸಿಕೊಂಡರೂ ಹೋಗಿ ಕಿವಿಗೊಡುತ್ತಾರೆ. ಸದ್ದೇ ಮಾಡದ ವೈಫೈ ಡಬ್ಬಿಯೆದುರು ಮಾತ್ರ ಸೋಲುತ್ತಾರೆ: “ಕಾಯಿಲೆ ಏನೂಂತ ಬಾಯಿ ಬಿಡದಿದ್ರೆ ಹೆಂಗಪ್ಪ ನೋಡೋದು?” ಹೋದ ವರ್ಷ ಹೆಂಡತಿ ದಾಕ್ಷಾಯಣಿಯವರಿಗೆ ಲಕ್ವ ಹೊಡೆದು ನಾಲಿಗೆ ತೊದಲತೊಡಗಿತು. ನೋಡಲು ಬಂದವರೆಲ್ಲ ಆಕೆಯ ಮಾತನ್ನು ತಾವೇ ಮುಗಿಸಿಬಿಡುತ್ತಾರೆ. ಮುರುಗೇಶಪ್ಪನವರು ಕೈ ಅಡ್ಡ ಹಿಡಿದು, “ತಡೀರಿ, ಲೈನು ಇದೆ” ಎಂದು ಕಣ್ಣು ಮುಚ್ಚಿ ಕೂರುತ್ತಾರೆ. ಆಕೆ ಒಂದೊಂದೇ ಅಕ್ಷರ ಕೂಡಿಸುತ್ತಾರೆ: “ಕಾಫಿಗೆ... ಯಾಕ್ರೀ... ಇಷ್ಟು... ಸಕ್ಕರೆ?” ಬೈಗುಳ ಪೂರ್ತಿ ಬಂದು ಮುಟ್ಟಿದ ಮೇಲೆಯೇ ಅವರು ಕಣ್ಣು ತೆರೆಯುವುದು.