ಮಾರ್ಗರೆಟ್ಟಿನ ನಾಲ್ಕನೇ ಚಪ್ಪಾಳೆ

ನನ್ನ ಹೆಂಡತಿಯ ಅಣ್ಣ ಡ್ವೇನ್ ವುಕಾಸ್ ಪ್ಲಂಬರ್. ಆದರೆ ನಮ್ಮೂರು ಬಾರ್ಬರ್ಟನ್ನಿನಲ್ಲಿ ಯಾರೂ ಅವನನ್ನು ಹಾಗೆ ಗುರುತಿಸುವುದಿಲ್ಲ. ‘ಚಪ್ಪಾಳೆ ಡ್ವೇನ್’ ಎಂದರೇ ತಿಳಿಯುವುದು.

1981ರಲ್ಲಿ ಅವನು ಪಕ್ಕದೂರು ಏಕ್ರನ್ನಿನ ಒಂದು ನೆಲಮಾಳಿಗೆಗೆ ಬಾಯ್ಲರ್ ರಿಪೇರಿಗೆ ಹೋಗಿದ್ದ. ಅಲ್ಲಿ ಸಪೂರ ಟೈ ಕಟ್ಟಿದ ನಾಲ್ವರು ‘ಮೈಕ್ರೋವೇವ್ ಮಾರ್ಗರೆಟ್’ ಎಂಬ, ಆಗಿನ ಹೊಸ ‘ನ್ಯೂ ವೇವ್’ ಶೈಲಿಯ ಪಾಪ್ ಹಾಡನ್ನು ರೆಕಾರ್ಡ್ ಮಾಡುತ್ತಿದ್ದರು. ಚಪ್ಪಾಳೆಗೆ ಕೈ ಸಾಲದೆ ಇವನನ್ನೂ ಕರೆದರು. ಹಾಡು ದೇಶವನ್ನೇ ಹಿಡಿಯಿತು. ಇವತ್ತಿಗೂ ಹಾಕಿ ಪಂದ್ಯದಲ್ಲಿ ಗೋಲಾದರೆ ಅದೇ ಹಾಡು, ಸೋಪಿನ ಜಾಹೀರಾತಿಗೂ ಅದೇ. ಹ್ಯಾಲೋವೀನ್ ಬಂದರೆ ತಲೆಗೆ ಅಲ್ಯೂಮಿನಿಯಂ ಹಾಳೆ ಸುತ್ತಿಕೊಂಡ ಪುಟ್ಟ ಮಾರ್ಗರೆಟ್ಟುಗಳು ಮಿಠಾಯಿಗೆ ಬಾಗಿಲು ಬಡಿಯುತ್ತವೆ.

ಊರಿನ ಪ್ರತಿ ಮದುವೆಯಲ್ಲೂ ಆ ಹಾಡು ಶುರುವಾದೊಡನೆ ಡ್ವೇನ್ ಸೆನೆಟರನ ಹಾಗೆ ಏಳುತ್ತಿದ್ದ, ನಾಲ್ಕು ಸಲ ತಟ್ಟುತ್ತಿದ್ದ, ಜನ ಅವನನ್ನು ಅನುಸರಿಸುತ್ತಿದ್ದರು. ಹಾಡು ಮುಗಿಯುವಷ್ಟರಲ್ಲಿ ತಟ್ಟೆಯ ಕೋಳಿ, ಅದರ ಜೊತೆಗಿನ ಖಾರದ ಅನ್ನ ಎರಡೂ ತಣ್ಣಗಾಗಿರುತ್ತಿದ್ದವು. ನಲವತ್ತು ವರ್ಷ ಅವನು ಯಾವ ಮದುವೆಯಲ್ಲೂ ಬಿಸಿ ಕೋಳಿ ತಿಂದವನಲ್ಲ.

ಹೋದ ವರ್ಷ ಲೈಬ್ರರಿಯವರು ಅವತ್ತು ಆ ನೆಲಮಾಳಿಗೆಯಲ್ಲಿ ಹಾಡನ್ನು ರೆಕಾರ್ಡ್ ಮಾಡಿದ್ದ ಗೆರಿ ಎಂಬ ಮುದುಕಿಯನ್ನು ಕರೆಸಿದರು. ಮೂಲ ಟೇಪಿನ ಒಂದೊಂದು ದನಿಯನ್ನೂ ಬಿಡಿಸಿ ಕೇಳಿಸುತ್ತಾಳಂತೆ. ಡ್ವೇನ್‌ಗೆ ಮುಂದಿನ ಸಾಲಿನಲ್ಲಿ ಕುರ್ಚಿ. ಸುದ್ದಿ ಕೇಳಿದಾಗಿನಿಂದ ಅವನ ಮುಖ ಬಿಳಚಿಕೊಂಡಿತ್ತು. ಕಾರಿನಲ್ಲಿ ನನಗೊಬ್ಬನಿಗೇ ಹೇಳಿದ:

"ಎರಡು ಸಲ ತಟ್ಟಿಸಿ ನೋಡಿದ್ರು ಕಣೋ. ಆಮೇಲೆ ‘ಸಾಕಪ್ಪಾ, ಹೋಗಿ ನಿನ್ನ ಬಾಯ್ಲರ್ ನೋಡ್ಕೋ’ ಅಂದ್ರು. ಟೇಪಲ್ಲಿ ನಾನಿಲ್ಲ."

"ಲೋರ್ನಾಗೆ ಹೇಳಿದ್ಯಾ?"

"ಹೆಂಡ್ತಿಗೆ ಹೇಳೋಕಾಗುತ್ತಾ? ನನ್ನ ಮದ್ವೆ ಆಗಿದ್ದೇ ಆ ಚಪ್ಪಾಳೆ ನೋಡಿ."

ಶನಿವಾರ ಮಧ್ಯಾಹ್ನ ಸಭಾಂಗಣ ತುಂಬಿತ್ತು. ಗೆರಿ ಗುಂಡಿ ಒತ್ತಬೇಕು, ಅಷ್ಟರಲ್ಲಿ ಡ್ವೇನ್ ಎದ್ದು ನಿಂತ. ಟೋಪಿ ತೆಗೆದ. ಟೇಪಿನಲ್ಲಿರುವ ಕೈ ತನ್ನದಲ್ಲ, ಇಷ್ಟು ವರ್ಷ ಸುಳ್ಳು ಹೇಳಿದೆ ಎಂದ. ಒಂದು ಸಾಮ್ರಾಜ್ಯ ಕುಸಿಯುವ ಸದ್ದಿಗೆ ಅವನು ಕಾದ.

ಹಿಂದಿನ ಸಾಲಿನಿಂದ ನಮ್ಮೂರಿನ ಮಿಸೆಸ್ ಕೋಸರ್ ಕೂಗಿದಳು: "ಗೊತ್ತಪ್ಪಾ, ಕೂತ್ಕೋ! ಟೇಪ್ ಕೇಳ್ಬೇಕು ನಾವು."

"ಗೊತ್ತಾ?" ಎಂದ ಡ್ವೇನ್.

ಲೋರ್ನಾ ಅವನ ಅಂಗಿ ಹಿಡಿದು ಎಳೆದಳು. "ಚರ್ಚಲ್ಲಿ ಒಂದು ದಿನವಾದ್ರೂ ತಾಳಕ್ಕೆ ಸರಿಯಾಗಿ ತಟ್ಟಿದ್ದೀಯಾ ನೀನು? ಮೊದಲ ವರ್ಷವೇ ಗೊತ್ತಾಯ್ತು. ಕೂತ್ಕೊಳ್ಳೋ, ಎಲ್ರೂ ನೋಡ್ತಿದಾರೆ."

ಡ್ವೇನ್ ಕುಳಿತ. ಟೈರಿನ ಗಾಳಿ ಬಿಟ್ಟಂತೆ ಒಂದು ಉಸಿರು ಹೊರಬಿತ್ತು. ಹಾಡು ಶುರುವಾಯಿತು. ಟೇಪಿನ ನಾಲ್ಕು ಚಪ್ಪಾಳೆ ಗಡಿಯಾರದ ಹಾಗೆ ಬಿದ್ದವು. ಸಭೆಯ ಮೊದಲ ಮೂರು ಚಪ್ಪಾಳೆ ಅವುಗಳ ಜೊತೆಗೇ ಬಿದ್ದವು, ನಾಲ್ಕನೆಯದು ಮಾತ್ರ ಇನ್ನೂರು ಕೈಗಳಿಂದ ಒಟ್ಟಿಗೆ, ಅರ್ಧ ಕ್ಷಣ ತಡವಾಗಿ.

ಗೆರಿ ಟೇಪು ನಿಲ್ಲಿಸಿದಳು. "ಯಾಕ್ರೀ ಎಲ್ಲಾ ಸೇರಿ ತಪ್ಪು ತಟ್ತೀರಿ? ಅವತ್ತು ಆ ಪ್ಲಂಬರ್ ಹಿಂಗೇ ತಟ್ಟಿದ್ದಕ್ಕೇ ಓಡಿಸಿದ್ವಿ!"

"ನಮ್ಮೂರಲ್ಲಿ ಹಿಂಗೇ," ಎಂದಳು ಮಿಸೆಸ್ ಕೋಸರ್, ಸ್ವಲ್ಪ ಗತ್ತಿನಿಂದಲೇ.

ಮುಂದಿನ ವಾರ ಕೋಸರ್ ಮನೆಯ ಮದುವೆ. ಹಾಡು ಬಂತು, ಡ್ವೇನ್ ಏಳಲಿ ಎಂದು ಯಾರೂ ಕಾಯಲಿಲ್ಲ. ಮೂರು ಚಪ್ಪಾಳೆ, ತಡವಾಗಿ ಒಂದು. ಅವನು ತಲೆ ಎತ್ತಲಿಲ್ಲ. ಕೋಳಿಯ ತೊಡೆ ಮುರಿದ, ಹಬೆ ಎದ್ದಿತು.

"ಇದು ಬಿಸೀಲಿ ಹಿಂಗಿರುತ್ತಾ?" ಎಂದ ನನ್ನ ಕಿವಿಯಲ್ಲಿ. "ಆ ಖಾರದ ಅನ್ನ ಈ ಕಡೆ ತಳ್ಳೋ."