ನೆಲ ಬಡಿದು ನೋಡುವ ಕಾಕ

ದೋಹಾದ ಅಲ್ ಮನ್ಸೂರಾದಲ್ಲಿ ನಮ್ಮ ಕಟ್ಟಡದ ಕೆಳಮನೆಯಲ್ಲಿದ್ದ ಕಾಕ ನೆಲಕ್ಕೆ ಕಲ್ಲು ಹಾಸುವ ಕೆಲಸದವರು, ಪುತ್ತೂರಿನ ಕಡೆಯವರು. ಯಾರ ಮನೆಗೆ ಹೋದರೂ ಕೂರುವ ಮೊದಲು ಬಗ್ಗಿ, ಬೆರಳಗಂಟಿನಿಂದ ನೆಲ ಬಡಿದು, ತಲೆ ಓರೆ ಮಾಡಿ ಆಲಿಸುತ್ತಿದ್ದರು. “ಒಳಗೆ ಪೊಳ್ಳಿದ್ರೆ ಕಲ್ಲೇ ಹೇಳ್ತದೆ,” ಎನ್ನುತ್ತಿದ್ದರು. ನಮ್ಮ ಮೆಟ್ಟಿಲಿಗೆ ಕಲ್ಲು ಹಾಕಿದವರೂ ಅವರೇ.

ಓದಲೆಂದು ಪ್ರಾಗ್ ತಲುಪಿದ ಮೊದಲ ಬೆಳಿಗ್ಗೆ ಹಳೇ ಚೌಕದಲ್ಲಿ ನಿಂತು ಮನೆಗೆ ವೀಡಿಯೊ ಕಾಲ್ ಮಾಡಿದೆ. ಗೋಪುರ, ಗಡಿಯಾರಗಳನ್ನು ಕಂಡು ಅಮ್ಮ ಬೆರಗಾದಳು. ಚಹಾಕ್ಕೆ ಬಂದಿದ್ದ ಕಾಕ ಪಕ್ಕದಿಂದ ಇಣುಕಿ, “ಮೇಲಿಂದು ಸಾಕು ಮಗಾ, ನೆಲ ತೋರಿಸು,” ಎಂದರು.

ತೋರಿಸಿದೆ. ನೂರಾರು ವರ್ಷ ಜನ ತುಳಿದು ನಯವಾದ ಕಲ್ಲುಗಳು. ಕಾಕ ಪರದೆಯತ್ತ ಇನ್ನಷ್ಟು ಬಗ್ಗಿದರು.

“ಇಷ್ಟು ವರ್ಷ ಯಾರೂ ಕೀಳ್ಲಿಲ್ವಾ? ನಾನು ಹಾಕಿದ್ದು ಇಲ್ಲಿ ಎಲ್ಲಿಯೂ ಹತ್ತು ವರ್ಷ ಉಳಿಯಲಿಲ್ಲ. ಒಮ್ಮೆ ಬಡಿ, ಕೇಳುವ.”

ಓಡಾಡುವ ಜನರ ನಡುವೆ ಮಂಡಿಯೂರಿ, ಫೋನನ್ನು ನೆಲಕ್ಕಿಟ್ಟು ಬಡಿದೆ. ಆ ಊರಿನ ಮೊದಲ ನೆನಪೆಂದರೆ ನನಗೆ ಇಂದಿಗೂ ಮಂಡಿಗೆ ತಾಗಿದ ಆ ಕಲ್ಲಿನ ತಂಪು.

“ಗಟ್ಟಿ ಉಂಟು,” ಎಂದರು ಕಾಕ.

ಬೇಸಿಗೆ ರಜೆಗೆ ದೋಹಾಕ್ಕೆ ಬಂದಾಗ ಕೆಳಮನೆಗೆ ಬೀಗ ಬಿದ್ದಿತ್ತು. “ಕಂಪನಿಯವ್ರು ಕೆಲಸ ಖಲಾಸ್ ಅಂದ್ಬಿಟ್ರಂತೆ, ಕಾಕ ಊರಿಗೆ ಹೊರಟ್ಹೋದ್ರು,” ಎಂದರು ಅಪ್ಪ. ಮೆಟ್ಟಿಲಿಗೆ ಕಾಕ ಹಾಕಿದ್ದ ಕಲ್ಲುಗಳನ್ನೂ ಕಟ್ಟಡದವರು ಕಿತ್ತು, ಹೊಳೆಯುವ ಹೊಸವನ್ನು ಹಾಕಿದ್ದರು. ನಾನು ಚೀಲ ಕೆಳಗಿಟ್ಟು ಬಗ್ಗಿ, ಒಂದೊಂದನ್ನೇ ಬಡಿಯುತ್ತ ಹತ್ತಿದೆ.

ಮೂರನೆಯ ಮೆಟ್ಟಿಲಲ್ಲಿ ಪೊಳ್ಳು ಕೇಳಿಸಿತು.